ಅಂಗಳದ ನೆರಳು, ಪಾವಿನ ಲೆಕ್ಕ

ಬೇಸಿಗೆ ರಜೆ ಬಂತೆಂದರೆ ತಂದೆತಾಯಿಯರಿಂದ ನನಗೆ ಬರುವ ಪ್ರಶ್ನೆ ಒಂದೇ: ‘ಮಕ್ಕಳನ್ನ ಮನೇಲಿ ಹೆಂಗೆ ಓದಿಸೋದು ಮೇಷ್ಟ್ರೇ?’ ಅರ್ಧ ತೊಂದರೆ ಈ ಪ್ರಶ್ನೆಯಲ್ಲೇ ಇದೆ. ಓದಿಸುವುದು ಎಂದಕೂಡಲೇ ಪುಸ್ತಕ, ಕಾಪಿ, ಮಗ್ಗಿ, ಕೊನೆಗೆ ಬೆನ್ನಿಗೆರಡು ಗುದ್ದು. ಮನೆ ಎಂಬುದು ಶಾಲೆಯ ಕೆಟ್ಟ ನಕಲಾಗಿಬಿಡುತ್ತದೆ.

ಮನೆಪಾಠದ ದೊಡ್ಡ ಪರೀಕ್ಷೆಯನ್ನು ನಾವೆಲ್ಲ ಒಮ್ಮೆ ಬರೆದಿದ್ದೇವೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಶಾಲೆಗಳು ಮುಚ್ಚಿದವು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಹತ್ತಿರ ಹತ್ತಿರ 19 ತಿಂಗಳು! ನಡುವೆ, 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಶಿಕ್ಷಕರೇ ಊರೂರಿಗೆ ಹೋಗಿ ಅರಳಿಕಟ್ಟೆ, ಗುಡಿಯ ಜಗುಲಿಗಳ ಮೇಲೆ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಚಿಕ್ಕ ಮಕ್ಕಳ ಪಾಲಿಗೆ ಉಳಿದದ್ದು ಟೀವಿ, ಮೊಬೈಲು ಮತ್ತು ಚಟುವಟಿಕೆ ಹಾಳೆ.

ಶಿವಗಂಗೆ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಇದ್ದದ್ದು ಒಂದೇ ಮೊಬೈಲು. ಅದು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ದಾಬಸ್‌ಪೇಟೆಯ ಕಾರ್ಖಾನೆಗೆ ಹೋದರೆ ರಾತ್ರಿಗೆ ವಾಪಸು. ಆಮೇಲೆ ನಿದ್ದೆಗಣ್ಣಿನ ಮಗುವನ್ನು ಕೂರಿಸಿಕೊಂಡು ಹಾಳೆ ತುಂಬುವ ಕೆಲಸ. ಉತ್ತರ ಬರೆಯುತ್ತಿದ್ದವಳು ಅಕ್ಕ, ಹೆಸರು ತಮ್ಮನದು. ಫೋಟೋ ತೆಗೆದು ಕಳುಹಿಸಿದರೆ ಆ ದಿನದ ಕಲಿಕೆ ಮುಗಿಯಿತು! ಆ ಕಾಲದಲ್ಲಿ ಒಬ್ಬ ತಾಯಿ ಕೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: ‘ನಾನ್ ಓದ್ದೋಳಲ್ಲ ಮೇಷ್ಟ್ರೇ, ಮಗೀಗೆ ಏನ್ ಹೇಳ್ಕೊಡ್ಲಿ?’

ಈಕೆ ದಿನವೂ ರಾಗಿಯನ್ನು ಸೇರಿನಲ್ಲಿ ಅಳೆಯುವವಳು. ಡೈರಿಯಲ್ಲಿ ಹಾಲು ಹಾಕಿ ಲ್ಯಾಕ್ಟೋಮೀಟರ್ ಎಷ್ಟು ಮುಳುಗಿತೆಂದು ಕಣ್ಣಿಟ್ಟು ನೋಡುವವಳು. ತುಪ್ಪ ಕಾಯಿಸುವಾಗ ಯಾವ ಗಳಿಗೆಗೆ ಒಲೆಯಿಂದ ಇಳಿಸಬೇಕೆಂದು ಸದ್ದಿನಿಂದಲೇ ಹೇಳಬಲ್ಲವಳು. ಇಷ್ಟು ಬಲ್ಲವಳು ‘ನನಗೇನು ಗೊತ್ತು’ ಎನ್ನುವಂತೆ ಮಾಡಿದ್ದು ನಮ್ಮ ಹಾಳೆಗಳು. ಅಂಥ ಮನೆಯಲ್ಲಿ, ಅಂಥ ತಾಯಿಯ ಜೊತೆಯಲ್ಲೇ ಒಂದು ಇಡೀ ದಿನ ಕಲಿಯಬಹುದು. ಹೇಗೆಂದು ಹೇಳುತ್ತೇನೆ. ಒಂದೇ ಒಂದು ಷರತ್ತು: ಉತ್ತರವನ್ನು ದೊಡ್ಡವರು ಮೊದಲೇ ಹೇಳಕೂಡದು.

ಬೆಳಗಿನ ತಂಪು ಹೊತ್ತಿನಲ್ಲಿ ತುಪ್ಪದಿಂದ ಆರಂಭಿಸೋಣ. ಶಿವಗಂಗೆಯ ಗಂಗಾಧರೇಶ್ವರನಿಗೆ ತುಪ್ಪದ ಅಭಿಷೇಕ ಮಾಡಿದರೆ ಅದು ಬೆಣ್ಣೆಯಾಗುತ್ತದೆ ಎಂಬ ನಂಬಿಕೆ ಎಲ್ಲರಿಗೂ ಗೊತ್ತು. ಬೆಟ್ಟಕ್ಕೆ ಹೋಗಿಬಂದ ಮಕ್ಕಳು ಅದು ಹೇಗೆ ಎಂದು ಕೇಳಿಯೇ ಕೇಳುತ್ತಾರೆ. ಕೆಲವು ಮನೆಗಳಲ್ಲಿ ‘ಹಾಗೆಲ್ಲ ಕೇಳಬಾರದು’ ಎಂದು ಗದರುತ್ತಾರೆ. ಇನ್ನು ಕೆಲವರು ‘ಎಲ್ಲಾ ಸುಳ್ಳು’ ಎಂದುಬಿಡುತ್ತಾರೆ. ಎರಡರಿಂದಲೂ ಪ್ರಶ್ನೆ ಸಾಯುತ್ತದೆ. ಗರ್ಭಗುಡಿಯಲ್ಲಿ ನಡೆಯುವುದು ಪೂಜೆ, ಅದು ಅಲ್ಲಿರಲಿ. ಅಡುಗೆಮನೆಯಲ್ಲಿ ಮಗು ಮಾಡಿ ನೋಡಬಹುದಾದದ್ದು ಬೇರೊಂದಿದೆ.

ಹರಳುಗಟ್ಟಿದ ತುಪ್ಪ ಎರಡು ಚಮಚ ತಟ್ಟೆಗೆ ಹಾಕಿ. ಮಡಕೆಯ ತಣ್ಣೀರು ಒಂದು ಚಮಚ ಸೇರಿಸಿ ಮಗು ಅಂಗೈಯಿಂದ ಉಜ್ಜುತ್ತಾ ಹೋಗಲಿ. ನೀರನ್ನು ಬಸಿದು ಹೊಸ ನೀರು ಹಾಕಿ ಮತ್ತೆ ಉಜ್ಜಲಿ. ಹಳದಿ ಬಣ್ಣ ಕರಗುತ್ತಾ ತುಪ್ಪ ಬೆಳ್ಳಗೆ, ಮೆತ್ತಗೆ, ಥೇಟ್ ಬೆಣ್ಣೆಯಂತೆ ಕಾಣತೊಡಗುತ್ತದೆ. ಆಯುರ್ವೇದದಲ್ಲಿ ಹೀಗೆ ನೂರು ಸಲ ತೊಳೆದ ತುಪ್ಪಕ್ಕೆ ಶತಧೌತ ಘೃತ ಎಂದೇ ಹೆಸರು. ಚರ್ಮದ ಉರಿಗೆ ಹಚ್ಚುತ್ತಾರೆ. ನೀರಿನ ಸಣ್ಣ ಸಣ್ಣ ಹನಿಗಳು, ಸ್ವಲ್ಪ ಗಾಳಿ ತುಪ್ಪದೊಳಗೆ ಸಿಕ್ಕಿಕೊಂಡು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಅದು ಬೆಳ್ಳಗೆ ಕಾಣುತ್ತದೆ.

ಹಾಗಾದರೆ ಇದು ಬೆಣ್ಣೆಯೇ? ಈ ಪ್ರಶ್ನೆಯನ್ನು ತಾಯಿ ಕೇಳಬೇಕು. ಪರೀಕ್ಷಿಸುವ ವಿಧಾನವೂ ಆಕೆಗೇ ಗೊತ್ತು. ಒಂದು ಸೌಟಿನಲ್ಲಿ ಈ ಬಿಳಿ ಮುದ್ದೆ, ಇನ್ನೊಂದರಲ್ಲಿ ನಿಜವಾದ ಬೆಣ್ಣೆ ಇಟ್ಟು ಕಾಯಿಸಿ. (ಒಲೆಯ ಕೆಲಸ ದೊಡ್ಡವರದು, ಮಗು ದೂರ ನಿಂತು ನೋಡಲಿ. ನೀರು ಸೇರಿದ ತುಪ್ಪ ಸಿಡಿಯುತ್ತದೆ, ಹುಷಾರು.) ಎರಡರಿಂದಲೂ ಚಟಪಟ ಸದ್ದು ಬರುತ್ತದೆ, ನೀರು ಆವಿಯಾಗುವ ಸದ್ದು ಅದು. ಎರಡೂ ಕೊನೆಗೆ ತುಪ್ಪವಾಗುತ್ತವೆ. ಆದರೆ ಬೆಣ್ಣೆಯ ಸೌಟಿನ ತಳದಲ್ಲಿ ಕಂದುಬಣ್ಣದ ಗಸಿ ಉಳಿಯುತ್ತದೆ, ಇನ್ನೊಂದರಲ್ಲಿ ಇಲ್ಲ. ಬೆಣ್ಣೆಯಲ್ಲಿ ನೂರಕ್ಕೆ 80ರಷ್ಟು ಕೊಬ್ಬು, ಉಳಿದದ್ದರಲ್ಲಿ ಬಹುಪಾಲು ನೀರು, ಜೊತೆಗೆ ಮಜ್ಜಿಗೆಯಿಂದ ಬಂದ ಒಂದಿಷ್ಟು ಪ್ರೋಟೀನು. ಕರಿದು ಗಸಿಯಾಗುವುದು ಮುಖ್ಯವಾಗಿ ಆ ಪ್ರೋಟೀನೇ. ತುಪ್ಪ ಕಾಯಿಸಿದಾಗ ಅದು ಒಮ್ಮೆ ಹೊರಟುಹೋಯಿತು. ಬರೀ ನೀರು ಸೇರಿಸಿದರೆ ಮರಳಿ ಬಾರದು. ಬೆಣ್ಣೆಯಂತೆ ಕಾಣುವುದಕ್ಕೂ ಬೆಣ್ಣೆಯೇ ಆಗಿರುವುದಕ್ಕೂ ಇರುವ ವ್ಯತ್ಯಾಸವನ್ನು ಮೂರನೇ ತರಗತಿಯ ಮಗು ಕಣ್ಣಾರೆ ಕಂಡಿತಲ್ಲ! ಯಾವ ಪಠ್ಯಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ನೋಡಿಲ್ಲ.

ತಿಂಡಿಯಾದ ಮೇಲೆ ಪಾವಿನ ಲೆಕ್ಕ. ಎರಡು ಪಾವು ಒಂದು ಅಚ್ಚೇರು, ಎರಡು ಅಚ್ಚೇರು ಒಂದು ಸೇರು. ಒಂದು ಪಾವು ಕಡಲೆಕಾಳು, ಒಂದು ಪಾವು ರಾಗಿ ತೆಗೆದುಕೊಳ್ಳಿ. ಬೆರೆಸಿದರೆ ಎಷ್ಟು ಪಾವು? ಎರಡು ಎಂದು ಮಗು ಥಟ್ಟನೆ ಹೇಳುತ್ತದೆ. ಮೊರದ ಮೇಲೆ ಚೆನ್ನಾಗಿ ಬೆರೆಸಿ ಮತ್ತೆ ಅಳೆಯಲಿ. ಎರಡು ಪಾವು ಬರುವುದಿಲ್ಲ! ‘ಎಲ್ಲೋ ಚೆಲ್ಲಿಹೋಯ್ತು’ ಎಂದು ನೆಲವೆಲ್ಲ ಹುಡುಕುತ್ತದೆ, ಹುಡುಕಲಿ. ಅವಸರಪಟ್ಟು ವಿವರಿಸಬೇಡಿ. ಜರಡಿ ಹಿಡಿದು ರಾಗಿಯನ್ನೂ ಕಡಲೆಯನ್ನೂ ಬೇರೆ ಮಾಡಿ ಅಳೆದಾಗ ಎರಡೂ ಪೂರ್ತಿ ಒಂದೊಂದು ಪಾವು ಸಿಗುತ್ತವೆ. ಕಡಲೆಕಾಳುಗಳ ಸಂದಿಯಲ್ಲಿ ರಾಗಿ ಅವಿತುಕೊಂಡಿತ್ತು ಎಂಬುದು ಮಗುವಿಗೇ ಹೊಳೆಯುತ್ತದೆ. ಹೊಳೆಯಲು ಒಂದು ದಿನ ಹಿಡಿದರೂ ನಷ್ಟವಿಲ್ಲ.

ನಡುಹಗಲಿನ ಕೆಲಸ ಅಂಗಳದಲ್ಲಿ. ಸುಮಾರು ಒಂದು ಮೀಟರಿನ ನೇರ ಕೋಲನ್ನು ಮಣ್ಣು ತುಂಬಿದ ಡಬ್ಬದಲ್ಲಿ ನಿಲ್ಲಿಸಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಗಾರೆಯವರು ಮಾಡುವಂತೆ, ಕೋಲು ನೆಟ್ಟಗಿದೆಯೇ ಎಂದು ಪರೀಕ್ಷಿಸಿ. ಹನ್ನೊಂದು ಗಂಟೆಯಿಂದ ಒಂದೂವರೆಯವರೆಗೆ ಹತ್ತು ಹತ್ತು ನಿಮಿಷಕ್ಕೊಮ್ಮೆ ಮಗು ಓಡಿಹೋಗಿ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಲಿ. ನೋಡಬೇಕಾದದ್ದು ನೆರಳನ್ನು, ಸೂರ್ಯನನ್ನು ನೇರವಾಗಿ ನೋಡಕೂಡದು. ಅತಿ ಚಿಕ್ಕ ನೆರಳು ಯಾವಾಗ? ಹನ್ನೆರಡಕ್ಕೆ ಎಂದು ನಮ್ಮ ನಿಮ್ಮಂಥವರೆಲ್ಲ ಹೇಳುತ್ತೇವೆ. ಅಂಗಳ ಒಪ್ಪುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಶಿವಗಂಗೆಯ ನಡುಹಗಲು ಬರುವುದು ಗಡಿಯಾರದ 12 ಗಂಟೆ 20 ನಿಮಿಷದ ಆಸುಪಾಸಿಗೆ. ದೇಶದ ಗಡಿಯಾರವೆಲ್ಲ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಕೊಂಡಿದೆ. ನಾವು ಅದಕ್ಕಿಂತ ಐದು ಡಿಗ್ರಿಗೂ ಹೆಚ್ಚು ಪಶ್ಚಿಮದಲ್ಲಿದ್ದೇವೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮ ನೆತ್ತಿಗೆ ತಡವಾಗಿ ಬರುತ್ತಾನೆ.

ಈ ಆಟಕ್ಕೆ ಏಪ್ರಿಲ್ 25ರ ಆಸುಪಾಸಿನ ದಿನಗಳನ್ನೇ ಆರಿಸಿಕೊಂಡರೆ ಇನ್ನೂ ಚೆಂದ. ಅಂದು ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುವುದರಿಂದ ನೆಟ್ಟಗೆ ನಿಂತ ಕೋಲಿನ ನೆರಳು ಕೋಲಿನ ಬುಡದಲ್ಲೇ ಮಾಯವಾಗುತ್ತದೆ. ಅದೇ ದಿನ ಕಲಬುರಗಿಯಲ್ಲಿ ಯಾರಾದರೂ ನೆಂಟರಿದ್ದರೆ ಫೋನು ಮಾಡಿ ಕೇಳಿ. ಅಲ್ಲಿನ ಒಂದು ಮೀಟರ್ ಕೋಲಿಗೆ ಉತ್ತರ ದಿಕ್ಕಿನಲ್ಲಿ ಸುಮಾರು 7 ಸೆಂಟಿಮೀಟರ್ ನೆರಳಿರುತ್ತದೆ. ಒಂದೂರಿನಲ್ಲಿ ನೆರಳಿಲ್ಲ, ಇನ್ನೊಂದೂರಿನಲ್ಲಿ ಇದೆ ಎಂಬ ಇಷ್ಟೇ ಸಂಗತಿಯನ್ನು ಹಿಡಿದುಕೊಂಡು ಎರಟಾಸ್ತನೀಸ್ ಎಂಬಾತ ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಈಜಿಪ್ಟಿನಲ್ಲಿ ಕುಳಿತು ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ. ಮನೆಯಲ್ಲಿ ಹೈಸ್ಕೂಲಿನ ಅಕ್ಕ ಇದ್ದರೆ ಅವಳಿಗೆ ಆ ಲೆಕ್ಕ ವಹಿಸಿ. ತಮ್ಮನ ಹಾಳೆ ತುಂಬುವುದಕ್ಕಿಂತ ಒಳ್ಳೆಯ ಕೆಲಸ.

ಸಂಜೆ ಬೆಟ್ಟದ ಕಡೆ ಮುಖ ಮಾಡಿ ಕುಳಿತು, ಅದರ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಎಂದು ಅಜ್ಜನನ್ನು ಕೇಳಿಸಿ. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯ ಬಳಿ ಅರ್ಕಾವತಿಯನ್ನು ಸೇರುತ್ತದೆ. ಬೆಂಗಳೂರಿಗೆ ನೀರು ಕೊಡಲು 1933ರಲ್ಲಿ ಜಲಾಶಯ ಕಟ್ಟಿದ್ದು ಅಲ್ಲೇ. ಅಜ್ಜ ಕಂಡಂತೆ ಊರ ಕೆರೆ ಯಾವ್ಯಾವ ವರ್ಷ ಕೋಡಿ ಬಿದ್ದಿತ್ತು ಎಂಬುದನ್ನು ಮಗು ಬರೆದುಕೊಳ್ಳಲಿ. ಅದು ಅಚ್ಚಾದ ಪುಸ್ತಕದಲ್ಲಿ ಸಿಗುವುದಿಲ್ಲ.

ರಾತ್ರಿ ಮಲಗುವ ಮುಂಚೆ ಒಂದು ಪುಟ ಬರವಣಿಗೆ ಸಾಕು: ಏನು ಅಂದುಕೊಂಡಿದ್ದೆ, ಏನಾಯಿತು. ಕಾಗುಣಿತ ತಪ್ಪಿದ್ದರೆ ಅಂದೇ ತಿದ್ದಬೇಡಿ. ಬರೆದದ್ದನ್ನು ಮಗು ತಾಯಿಗೆ ಗಟ್ಟಿಯಾಗಿ ಓದಿ ಹೇಳಲಿ. ಗಸಿಯ ವಿಷಯ ಬಿಟ್ಟುಹೋಗಿದ್ದರೆ, ಓದು ಬಾರದ ತಾಯಿಯೂ ತಡೆದು ಹೇಳುತ್ತಾಳೆ.

ಏಪ್ರಿಲ್ 25ಕ್ಕೆ ಮೋಡ ಕವಿದರೆ ಆಗಸ್ಟ್ 17–18ರ ಸುಮಾರಿಗೆ ಸೂರ್ಯ ಮತ್ತೊಮ್ಮೆ ನೆತ್ತಿಗೆ ಬರುತ್ತಾನೆ. ಅದು ಮಳೆಗಾಲ, ನಂಬುವಂತಿಲ್ಲ. ಆದ್ದರಿಂದ ಕೋಲನ್ನು ಬಿಸಾಡದೆ ಇಟ್ಟುಕೊಳ್ಳಿ, ಜೂನ್ 21ಕ್ಕೆ ಮತ್ತೆ ನಿಲ್ಲಿಸಿ. ಅಂದು ನಡುಹಗಲಿನ ನೆರಳು ಉತ್ತರಕ್ಕಲ್ಲ, ದಕ್ಷಿಣಕ್ಕೆ ಬೀಳುತ್ತದೆ, ಸುಮಾರು 18 ಸೆಂಟಿಮೀಟರ್. ಡಿಸೆಂಬರ್ 22ಕ್ಕೆ ಉತ್ತರಕ್ಕೆ ಹೊರಳಿ 74 ಸೆಂಟಿಮೀಟರ್ ಆಗಿರುತ್ತದೆ. ಅಷ್ಟು ಹೊತ್ತಿಗೆ ಅಳತೆ ಪಟ್ಟಿಯನ್ನು ಮಗುವೇ ಹುಡುಕಿ ತರುತ್ತದೆ.