ನಡೆಯುವವರ ನಡವಳಿಕೆ ಮತ್ತು ಫುಟ್‌ಪಾತ್ ವಿನ್ಯಾಸ



ಪಾದಚಾರಿಗಳು ಫುಟ್‌ಪಾತ್ ಬಿಟ್ಟು ರಸ್ತೆಗಿಳಿಯುವುದನ್ನು ಅಶಿಸ್ತೆಂದು ದೂರುವುದು ವಾಡಿಕೆಯಾಗಿದ್ದರೂ, ಅದರ ಕಾರಣವನ್ನು ಬಹುಮಟ್ಟಿಗೆ ರಸ್ತೆಯ ವಿನ್ಯಾಸದಲ್ಲಿಯೇ ಹುಡುಕಬೇಕಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಪ್ರಕಟಿಸಿದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯು, ನಡೆಯಲು ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲವಿರಬೇಕೆಂದೂ, ಕರ್ಬ್, ಅಂದರೆ ಫುಟ್‌ಪಾತಿನ ಅಂಚುಕಲ್ಲು, ರಸ್ತೆಯ ಮಟ್ಟದಿಂದ 150 ಮಿಲಿಮೀಟರ್ ಮೀರಬಾರದೆಂದೂ ಸೂಚಿಸಿತ್ತು. ಆದರೆ ಅನೇಕ ಬಡಾವಣೆಗಳಲ್ಲಿ ಅಂಚುಕಲ್ಲು ಮೊಣಕಾಲೆತ್ತರಕ್ಕೇರಿ, ಪ್ರತಿ ಗೇಟಿನೆದುರೂ ಕಾರು ಹತ್ತಿಸಲೆಂದು ಫುಟ್‌ಪಾತನ್ನೇ ಇಳಿಜಾರಾಗಿಸಿ, ನಟ್ಟನಡುವೆ ಟ್ರಾನ್ಸ್‌ಫಾರ್ಮರ್ ನಿಲ್ಲಿಸಿರುವುದರಿಂದ, ಮಂಡಿನೋವಿನ ವೃದ್ಧರಿಗೂ ಗಾಲಿಕುರ್ಚಿ ಬಳಸುವವರಿಗೂ ಸಮತಟ್ಟಾದ ಡಾಂಬರು ರಸ್ತೆಯೊಂದೇ ಗತಿಯಾಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಕೇಬಲ್ ಮತ್ತು ಕೊಳವೆಗಳನ್ನು ನೆಲದಡಿ ವ್ಯವಸ್ಥಿತವಾಗಿ ಜೋಡಿಸಿ ಫುಟ್‌ಪಾತನ್ನು ವಿಸ್ತರಿಸುವ ಟೆಂಡರ್‌ಶ್ಯೂರ್ ಮಾದರಿಯಲ್ಲಿ ಮರುರೂಪಿಸಲಾದ ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯಂಥ ಕಡೆ, ಫಲಕವಾಗಲಿ ದಂಡವಾಗಲಿ ಇಲ್ಲದೆಯೇ ಜನರು ಫುಟ್‌ಪಾತಿನ ಮೇಲೆ ನಡೆಯುತ್ತಾರೆ. ಆದುದರಿಂದ ಸ್ಥಳೀಯ ಸಂಸ್ಥೆಗಳು ಹೊಸ ಕಾಮಗಾರಿಗಳಲ್ಲಿ ಗೇಟಿನ ಇಳಿಜಾರನ್ನು ಅಂಚಿನ ಪಟ್ಟಿಗಷ್ಟೇ ಸೀಮಿತಗೊಳಿಸಿ, ನಡೆಯುವ ಭಾಗದ ಮಟ್ಟವನ್ನು ಎಲ್ಲಿಯೂ ತುಂಡರಿಸದೆ ಕಾಯ್ದುಕೊಳ್ಳುವುದನ್ನೂ, ಗುತ್ತಿಗೆದಾರರ ಬಿಲ್ ಪಾವತಿಗೆ ಮುನ್ನ ಅಗಲ ಮತ್ತು ಎತ್ತರಗಳನ್ನು ಅಳೆದು ದಾಖಲಿಸುವುದನ್ನೂ ಕಡ್ಡಾಯಗೊಳಿಸಬೇಕು.

– ಓದುಗರು, ಬೆಂಗಳೂರು