ಉಸಿರಿನ ಲೆಕ್ಕದಲ್ಲಿ ಹುಸಿ ಉಳಿತಾಯ

ಚಳಿಗಾಲ ಕಾಲಿಟ್ಟೊಡನೆ ಬೆಂಗಳೂರಿನ ಮಕ್ಕಳ ವೈದ್ಯರ ಬಾಗಿಲಲ್ಲಿ ಸಾಲು ಬೆಳೆಯುತ್ತದೆ. ಬೆಳಗಿನ ಸೀನು, ರಾತ್ರಿಯ ಕೆಮ್ಮು, ಎದೆಯಲ್ಲಿ ಸುಂಯ್‌ಗುಟ್ಟುವ ಸದ್ದು. ಮನೆಯವರು ಇದನ್ನು ‘ಶೀತ’ ಎನ್ನುತ್ತಾರೆ. ಮೊಸರು, ಬಾಳೆಹಣ್ಣು ನಿಲ್ಲುತ್ತವೆ; ಸಿರಪ್ ಬದಲಾಗುತ್ತದೆ; ಕೆಮ್ಮು ಮಾತ್ರ ಉಳಿಯುತ್ತದೆ. ಇಂತಹ ಎಷ್ಟೋ ಮಕ್ಕಳನ್ನು ಕಾಡುವುದು ಅಲರ್ಜಿಯಿಂದ ಬರುವ ಅಸ್ತಮಾ.

ನಗರದ ಆಸ್ಪತ್ರೆಯೊಂದರಲ್ಲಿ ಡಾ. ಎಚ್. ಪರಮೇಶ್ ನಡೆಸಿದ ಅಧ್ಯಯನದ ಪ್ರಕಾರ, 1979ರಲ್ಲಿ ಶೇ 9ರಷ್ಟು ಮಕ್ಕಳಲ್ಲಿದ್ದ ಅಸ್ತಮಾ 1999ರ ವೇಳೆಗೆ ಶೇ 29.5ಕ್ಕೆ ಏರಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕವನ್ನು ಇಡೀ ನಗರದ ಲೆಕ್ಕವೆಂದು ಭಾವಿಸಲಾಗದು. ಆದರೆ ಏರಿಕೆಯ ದಿಕ್ಕನ್ನು ಅಲಕ್ಷಿಸುವಂತೆಯೂ ಇಲ್ಲ.

ಹಾಸಿಗೆಯ ಧೂಳಿನಲ್ಲಿರುವ ನುಸಿ, ಜಿರಳೆ, ಪರಾಗದಂಥ ನಿರುಪದ್ರವಿ ವಸ್ತುಗಳನ್ನೇ ದೇಹ ಶತ್ರುಗಳೆಂದು ಬಗೆದಾಗ ಶ್ವಾಸನಾಳಗಳ ಒಳಪದರ ಊದಿಕೊಳ್ಳುತ್ತದೆ. ಸೊಳ್ಳೆಬತ್ತಿ, ಊದುಬತ್ತಿ, ಸಿಗರೇಟಿನ ಹೊಗೆ ಅದನ್ನು ಕೆರಳಿಸುತ್ತದೆ. ಉಬ್ಬಸ ನಿಂತ ಮೇಲೂ ಊತ ಒಳಗೆ ಉಳಿದಿರುತ್ತದೆ. ಆದ್ದರಿಂದ ನಿಯಂತ್ರಣದ ಔಷಧಿಯನ್ನು ಮಗು ಚೆನ್ನಾಗಿರುವ ದಿನಗಳಲ್ಲೂ ಕೊಡಬೇಕಾಗುತ್ತದೆ. ತಕ್ಷಣದ ಉಪಶಮನ ನೀಡುವ ಇನ್‌ಹೇಲರೊಂದನ್ನೇ ನಂಬಿ ಕೂರುವುದು ಅಪಾಯಕರ.

ಇಲ್ಲಿಯೇ ನಮ್ಮ ಮಧ್ಯಮವರ್ಗ ಹಿಂಜರಿಯುತ್ತದೆ. ಇನ್‌ಹೇಲರ್ ಎಂದರೆ ಚಟ, ಕೊನೆಯ ಅಸ್ತ್ರ, ಹೆಣ್ಣುಮಗುವಾದರೆ ಮದುವೆಗೆ ಅಡ್ಡಿ! ಅಂಕಿಗಳು ಹೇಳುವುದೇ ಬೇರೆ. ಸಾಲ್ಬುಟಮಾಲ್ ಸಿರಪ್‌ನ ಒಂದು ಚಮಚದಲ್ಲಿ 2 ಮಿಲಿಗ್ರಾಂ ಔಷಧಿಯಿದ್ದರೆ, ಇನ್‌ಹೇಲರಿನ ಒಂದು ಒತ್ತಿನಲ್ಲಿರುವುದು 100 ಮೈಕ್ರೋಗ್ರಾಂ, ಅಂದರೆ ಅದರ ಇಪ್ಪತ್ತನೇ ಒಂದು ಭಾಗ. ಅದೂ ನೇರವಾಗಿ ಶ್ವಾಸಕೋಶಕ್ಕೇ ತಲುಪುತ್ತದೆ. ಸ್ಪೇಸರ್ ಮತ್ತು ಮಾಸ್ಕ್ ಇದ್ದರೆ ಪುಟ್ಟ ಕೂಸಿಗೂ ಕೊಡಬಹುದು. ನಿಯಂತ್ರಣದ ಇನ್‌ಹೇಲರಿನಲ್ಲಿರುವ ಸ್ಟೀರಾಯ್ಡ್ ಕುರಿತ ಭಯ ಪೂರ್ತಿ ನಿರಾಧಾರವೇನಲ್ಲ. 2012ರಲ್ಲಿ ಪ್ರಕಟವಾದ ಅಮೆರಿಕದ ದೀರ್ಘಾವಧಿ ಅಧ್ಯಯನವೊಂದು, ಬಾಲ್ಯದಲ್ಲಿ ಅದನ್ನು ವರ್ಷಗಟ್ಟಲೆ ಬಳಸಿದವರ ಎತ್ತರ ಸರಾಸರಿ 1.2 ಸೆಂಟಿಮೀಟರ್ ಕಡಿಮೆಯಿದ್ದುದನ್ನು ಗುರುತಿಸಿತು. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿರುವುದು ನಿದ್ದೆಗೆಟ್ಟ ರಾತ್ರಿಗಳು, ತಪ್ಪಿದ ಶಾಲೆ, ತುರ್ತು ಚಿಕಿತ್ಸೆಯ ಬಿಲ್ಲು, ಕೆಲವೊಮ್ಮೆ ಪ್ರಾಣ. ಇನ್‌ಹೇಲರನ್ನು ಮುಂದೂಡುವುದು ಉಳಿತಾಯವಲ್ಲ, ಬಡ್ಡಿ ಬೆಳೆಯುವ ಸಾಲ.

ಮನೆಯಲ್ಲಿ ಮಾಡಬಹುದಾದದ್ದು ಸರಳ: ಹಾಸು-ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವುದು, ಹೊಗೆಯನ್ನು ಹೊರಗಿಡುವುದು, ವೈದ್ಯರ ಸಲಹೆಯಿಲ್ಲದೆ ಬೆಳೆಯುವ ಮಗುವಿನ ಆಹಾರಕ್ಕೆ ಕತ್ತರಿ ಹಾಕದಿರುವುದು.

ಉಳಿದದ್ದು ಸರ್ಕಾರದ ಹೊಣೆ. 2022ರ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಸಾಲ್ಬುಟಮಾಲ್ ಮತ್ತು ಬುಡೆಸೊನೈಡ್ ಇನ್‌ಹೇಲರುಗಳಿವೆ. ಪಟ್ಟಿಯಲ್ಲಿರುವುದೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಇದ್ದೇ ಇರುತ್ತದೆಂಬ ಭರವಸೆಯಿಲ್ಲ. ಇದು ಆಡಳಿತ ಬಲ್ಲವರಿಗೆಲ್ಲ ತಿಳಿದ ಮಾತು. ಪ್ರತಿ ಕೇಂದ್ರದಲ್ಲೂ ಅವು ವರ್ಷವಿಡೀ ದೊರೆಯಬೇಕು. ಪ್ರತಿ ಶಾಲೆಯಲ್ಲೂ ಒಂದು ಉಪಶಮನದ ಇನ್‌ಹೇಲರ್, ಒಂದು ಸ್ಪೇಸರ್, ಅವನ್ನು ಬಳಸಬಲ್ಲ ಒಬ್ಬ ಶಿಕ್ಷಕರು ಇರಬೇಕು. ಇದಕ್ಕೆ ಹೊಸ ಯೋಜನೆಯಾಗಲಿ ಉದ್ಘಾಟನಾ ಸಮಾರಂಭವಾಗಲಿ ಬೇಕಿಲ್ಲ. ಒಂದು ಸುತ್ತೋಲೆ ಮತ್ತು ಅದು ಜಾರಿಯಾಯಿತೇ ಎಂದು ನೋಡುವ ಇಚ್ಛಾಶಕ್ತಿ ಸಾಕು.