ದಂಡ ತೆರಬೇಕಾದವರು ಯಾರು?

2024ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಕರ್ನಾಟಕ ಸರ್ಕಾರದವರು ಡೆಂಗ್ಯೂ ಜ್ವರವನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಹುಟ್ಟುವಂತೆ ನೀರನ್ನು ನಿಲ್ಲಿಸಿಕೊಂಡ ಮನೆಗಳಿಗೆ ದಂಡವನ್ನು ಗೊತ್ತುಪಡಿಸಿದರು. ಪಟ್ಟಣದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200 ರೂಪಾಯಿ. ರೋಗದ ಮೂಲವನ್ನು ಹುಡುಕಿ ನಾಶಪಡಿಸಬೇಕೆಂಬ ಉದ್ದೇಶವು ಸಾಧುವಾದುದೇ. ಅದನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಕೋಲಾರದ ಚಿನ್ನದ ಗಣಿಯ ಲೈನು ಮನೆಗಳಲ್ಲಿಯೂ ಬಂಗಾರಪೇಟೆಯ ಬಡಕೇರಿಗಳಲ್ಲಿಯೂ ನೀರಿನ ಡ್ರಮ್ಮು ಬಾಗಿಲಿನಲ್ಲಿ ಏತಕ್ಕೆ ನಿಂತಿದೆಯೆಂದು ವಿಚಾರಿಸದೆ ಮನೆಯವನಿಂದ ದಂಡವನ್ನು ಕೇಳುವುದು ನ್ಯಾಯವೇ?

ನಲ್ಲಿಯಲ್ಲಿ ನೀರು ದಿನವೂ ಬಾರದುದರಿಂದಲೇ ಡ್ರಮ್ಮು ನಿಂತಿದೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆ ಬತ್ತಿದರೆ ಕೊಳವೆಬಾವಿ, ಅದೂ ಬತ್ತಿದರೆ ಟ್ಯಾಂಕರು. ಟ್ಯಾಂಕರು ಎಂದು ಬಂದೀತೋ ಅರಿಯದ ಗೃಹಿಣಿಯು ಇರುವ ಪಾತ್ರೆಗಳನ್ನೆಲ್ಲ ತುಂಬಿಡುವಳಲ್ಲದೆ ಬೇರೇನು ಮಾಡಿಯಾಳು?

ಸೊಳ್ಳೆಯು ಮಳೆಗಾಲದ ಪಿಡುಗೆಂಬುದು ಸಾಮಾನ್ಯರ ನಂಬಿಕೆ. ಡೆಂಗ್ಯೂವನ್ನು ಹರಡುವ ಸೊಳ್ಳೆಯಾದರೋ ಚರಂಡಿಯ ಕೊಳಕಿಗಿಂತ ಮನೆಯಲ್ಲಿ ಶೇಖರಿಸಿಟ್ಟ ತಿಳಿನೀರನ್ನೇ ಬಯಸತಕ್ಕದ್ದು; ನೀರಿನ ಅಂಚಿಗೆ ಮೇಲೆ ಪಾತ್ರೆಯ ಗೋಡೆಗೆ ಮೊಟ್ಟೆಯನ್ನು ಅಂಟಿಸತಕ್ಕದ್ದು. ಆ ಮೊಟ್ಟೆಯು ತಿಂಗಳುಗಟ್ಟಲೆ ಒಣಗಿದ್ದರೂ ಸಾಯದೆ, ಮರಳಿ ನೀರು ತಾಕಿದೊಡನೆ ಒಡೆಯುತ್ತದೆ. ಆದುದರಿಂದ ಅನಾವೃಷ್ಟಿಯೂ ಅತಿವೃಷ್ಟಿಯೂ ಒಂದೇ ಮನೆಗೆ ಒಂದೇ ರೋಗವನ್ನು ತರಬಲ್ಲವು. 2021ರ ನವೆಂಬರಿನಲ್ಲಿ ಈ ಜಿಲ್ಲೆಯ ಮೇಲೆ ಭಾರಿ ಮಳೆ ಸುರಿದು ಕೆರೆಗಳು ಕೋಡಿ ಹರಿದುವು, ಪೈರು ಹಾಳಾಯಿತು. ಎರಡೇ ವರ್ಷ ಕಳೆಯುವುದರೊಳಗೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟುವು. ಅದರ ಮರುವರ್ಷವೇ ಡೆಂಗ್ಯೂ. ಬರವೊಂದೇ ಅದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ; ಬರಗಾಲದಲ್ಲಿ ತುಂಬಿಟ್ಟ ಡ್ರಮ್ಮುಗಳು ಮಳೆಗಾಲದ ಸೊಳ್ಳೆಗೆ ತೊಟ್ಟಿಲುಗಳಾಗುವುದನ್ನು ಮಾತ್ರ ಯಾರೂ ಅಲ್ಲವೆನ್ನಲಾರರು.

ಗಣಿಯ ಊರಿಗೆ ಮತ್ತೊಂದು ಸಂಕಟವುಂಟು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಚಿನ್ನ ತೆಗೆದುಳಿದ ಪುಡಿಯ ಸೈನೈಡ್ ದಿಬ್ಬಗಳು ಮಾತ್ರ ಉಳಿದುವು. ಮಳೆ ತಡವಾಗಿ ಗಾಳಿ ಮುಂಚಿತವಾಗಿ ಬಂದ ವರ್ಷ ಆ ಧೂಳು ಅಡಿಗೆಯ ಮನೆಯವರೆಗೂ ಬರುತ್ತದೆ. ಅದು ಯಾರ ಮೇಲೆ ಬೀಳುತ್ತದೆ? 1940ರ ದಶಕದಲ್ಲಿ ಇಲ್ಲಿಯ 7,653 ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕೂ ಮೇಲ್ಪಟ್ಟವರ ಶ್ವಾಸಕೋಶದಲ್ಲಿ ಕಲ್ಲುಧೂಳಿನ ರೋಗವಾದ ಸಿಲಿಕೋಸಿಸ್ ಕಂಡುಬಂದಿತ್ತು. ಈ ರೋಗವು ಕೆಲಸ ಬಿಟ್ಟ ಮೇಲೂ ಬೆಳೆಯತಕ್ಕದ್ದು, ಕ್ಷಯಕ್ಕೆ ದಾರಿ ಮಾಡತಕ್ಕದ್ದು. ಹಿಂದೆ ಗಣಿಗಿಳಿದ ವೃದ್ಧರು ಇಂದೂ ಆ ದಿಬ್ಬಗಳ ಮಗ್ಗುಲಲ್ಲೇ ಇದ್ದಾರೆ. ಅವರ ಮಕ್ಕಳು ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಅಂಥವನು ಎಂಟು ದಿನ ಜ್ವರದಲ್ಲಿ ಮಲಗಿದರೆ ಎಂಟು ದಿನದ ಅನ್ನವೂ ಹೋಯಿತು.

ಈ ಊರಿಗೆ ಅನುಕೂಲಗಳನ್ನು ಒದಗಿಸುವುದು ಅಸಾಧ್ಯವೆಂದು ಯಾರೂ ಹೇಳುವಂತಿಲ್ಲ. 1902ರಲ್ಲಿಯೇ ಶಿವನಸಮುದ್ರದಿಂದ ಸುಮಾರು 92 ಮೈಲಿ ತಂತಿ ಎಳೆದು ಇಲ್ಲಿಗೆ ವಿದ್ಯುತ್ತನ್ನು ತಂದರು. ಚಿನ್ನ ತೆಗೆಯಬೇಕಾದಾಗ ದೂರವು ಅಡ್ಡಿಯಾಗಲಿಲ್ಲ. ಚಿನ್ನ ತೆಗೆದವರ ಬಾಯಿಗೆ ನೀರು ಬೇಕಾದಾಗ ಮಾತ್ರ ಕಷ್ಟಗಳೆಲ್ಲ ನೆನಪಿಗೆ ಬರುವುವೆ?

ನಮ್ಮ ಸೂಚನೆ ಇಷ್ಟೆ. ಬರವು ಕಂದಾಯ ಇಲಾಖೆಯದು, ಜ್ವರವು ಆರೋಗ್ಯ ಇಲಾಖೆಯದು ಎಂಬ ಭೇದವನ್ನು ಬಿಡಬೇಕು. ತಾಲ್ಲೂಕು ಬರಪೀಡಿತವೆಂದು ಸಾರಿದ ದಿನದಿಂದಲೇ ರೋಗನಿವಾರಣೆಯ ಕಾರ್ಯವೂ ಮೊದಲಾಗಬೇಕು. ನೀರು ಬಿಡುವ ವಾರವನ್ನೂ ವೇಳೆಯನ್ನೂ ಗೊತ್ತುಮಾಡಿ ತಪ್ಪದೆ ನಡೆಸಬೇಕು. ಡ್ರಮ್ಮುಗಳಿಗೆ ಬಿಗಿಯಾದ ಮುಚ್ಚಳಗಳನ್ನು ಕೊಡಬೇಕು. ಗಾಳಿಯ ಕಾಲಕ್ಕೆ ಮುಂಚೆ ದಿಬ್ಬಗಳ ಧೂಳನ್ನು ಹುಲ್ಲುಗಿಡಗಳಿಂದ ಅಡಗಿಸಬೇಕು. ಹಳೆಯ ಗಣಿಗಾರರ ಶ್ವಾಸಕೋಶವನ್ನು ವರ್ಷಕ್ಕೊಮ್ಮೆಯಾದರೂ ಅವರ ಕೇರಿಯಲ್ಲಿಯೇ ಪರೀಕ್ಷಿಸಬೇಕು.

ಮಹಾಜನರ ಕರ್ತವ್ಯವೂ ಇಲ್ಲದಿಲ್ಲ. ವಾರಕ್ಕೊಮ್ಮೆ ಪಾತ್ರೆಗಳನ್ನು ಬರಿದುಮಾಡಿದರೆ ಸಾಲದು. ಒಳಗೋಡೆಯನ್ನು ಚೆನ್ನಾಗಿ ಉಜ್ಜಿ ತೊಳೆಯಬೇಕು. ಆದರೆ ತೊಳೆದ ಡ್ರಮ್ಮನ್ನು ಮರಳಿ ತುಂಬಲು ನಾಳೆ ನೀರು ಬಂದೀತೆಂಬ ಭರವಸೆ ಇಲ್ಲದವಳು ಇಂದಿನ ನೀರನ್ನು ಹೇಗೆ ಚೆಲ್ಲಿಯಾಳು? ಆ ಭರವಸೆಯನ್ನು ಸರ್ಕಾರದವರು ಮೊದಲು ಕೊಡಲಿ. ಆಮೇಲೆಯೂ ನೀರನ್ನು ಕೊಳೆಯಿಸಿದವನಿದ್ದರೆ ದಂಡವನ್ನು ಧಾರಾಳವಾಗಿ ವಿಧಿಸಲಿ. ನಾವೇ ಅದನ್ನು ಸಮರ್ಥಿಸುವೆವು.